ಐವತ್ತೊಂದು ಮಾತ್ರೆ

2019ರ ಬೇಸಿಗೆ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ. ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದೆ. ವಾರದ ಆರು ದಿನ ಬೆಂಗಳೂರಿನ ತನಕ ಹೋಗಿ ರಾತ್ರಿ ವಾಪಸಾಗುವವನು ನಾನು; ಅವತ್ತು ಮಾತ್ರ ನಡುವೆ ಇಳಿದದ್ದು. ಚೀಲದಲ್ಲಿ ಒಂದು ಅಲ್ಯುಮಿನಿಯಂ ಊಟದ ಡಬ್ಬಿ ಇತ್ತು. ಅಪ್ಪ ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಇದ್ದಾಗ ಕೆಳಕ್ಕೆ ಒಯ್ಯುತ್ತಿದ್ದ ಡಬ್ಬಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅದು ಮಂಚದ ಕೆಳಗಿನ ಟ್ರಂಕು ಸೇರಿತ್ತು. ಹಿಂದಿನ ದಿನ ನನ್ನ ಹೆಂಡತಿ ಏನೋ ಹುಡುಕಲು ಹೋಗಿ ಅದನ್ನು ಎತ್ತಿದಾಗ ಒಳಗೆ ಗಲಗಲ ಸದ್ದು. ಮುಚ್ಚಳ ತೆಗೆದರೆ ಕಂದುಗೆಂಪು ಮಾತ್ರೆಗಳು, ಅಪ್ಪನಿಗೆ ಕ್ಷಯಕ್ಕೆ ಕೊಟ್ಟದ್ದು.

ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಸ್ಟರಮ್ಮನ ಮನೆ. ಮೂವತ್ತೈದು ವರ್ಷ ನರ್ಸಾಗಿದ್ದವರು, ಅದರಲ್ಲಿ ಬಹುಪಾಲು ಎದೆರೋಗದ ವಾರ್ಡುಗಳಲ್ಲಿ. ನಮ್ಮಮ್ಮನಿಗೆ ಬೇಕಾದವರು. ನಾನು ಡಬ್ಬಿ ಮುಂದಿಟ್ಟ ಮೇಲೆ ಅವರು ಒಳಗೆ ಹೋಗಿ ಮೊರ ತಂದು ಜಗಲಿಯ ಮೇಲೆ ಇಟ್ಟುಕೊಂಡರು. ಅವತ್ತು ನಾವು ಆಡಿದ ಮಾತನ್ನು ನೆನಪಿದ್ದ ಹಾಗೆ ಬರೆದಿದ್ದೇನೆ.

— ಎಣಿಸಿ ನೋಡಿದ್ಯಾ?

— ಇಲ್ಲ ಸಿಸ್ಟರಮ್ಮ. ನೋಡಿದ ತಕ್ಷಣ ತಲೆ ಕೆಟ್ಟುಹೋಯ್ತು. ಅಪ್ಪನ ಮೇಲೆ ಕೂಗಾಡಿಬಿಟ್ಟೆ. ಸಾಯಬೇಕು ಅಂತಿದ್ದರೆ ನೇರ ಹೇಳು, ನಮ್ಮನ್ನ ಯಾಕೆ ಹೀಗೆ ಮೋಸ ಮಾಡ್ತೀಯ ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದ್ರು. ಊಟಕ್ಕೂ ಏಳಲಿಲ್ಲ.

— ಆಗಿದ್ದು ಆಯ್ತು. ಈಗ ಎಣಿಸೋಣ. ತೂಕ ಎಷ್ಟು ಅವರದ್ದು?

— ನಲವತ್ತೆರಡು ಕೆ.ಜಿ. ದಿನಕ್ಕೆ ಮೂರು ಮಾತ್ರೆ ಬರೆದಿದ್ದಾರೆ.

ಅವರು ರಾಗಿಯಲ್ಲಿ ಕಲ್ಲು ಆರಿಸುವ ಹಾಗೆ ಮೊರದ ಮೇಲೆ ಮೂರು ಮೂರನ್ನು ಒಂದು ಕಡೆಗೆ ಸರಿಸುತ್ತಾ ಹೋದರು. ಕೆಲವು ಮಾತ್ರೆಗಳ ಮೇಲಿನ ಬಣ್ಣ ಬೆವರಿಗೆ ಕರಗಿ ಡಬ್ಬಿಯ ತಳಕ್ಕೆ ಅಂಟಿತ್ತು. ಎರಡು ಮಾತ್ರೆಗಳು ಅರ್ಧ ಕರಗಿದ್ದವು. ಬಾಯಿಗೆ ಹಾಕಿಕೊಂಡು ಮತ್ತೆ ತೆಗೆದದ್ದು.

— ಐವತ್ತೊಂದು. ಹದಿನೇಳು ದಿನದ್ದು. ಶುರುಮಾಡಿ ಎಷ್ಟು ದಿನ ಆಯ್ತು?

— ಎರಡು ತಿಂಗಳು ಆಗ್ತಾ ಬಂತು. ಆದ್ರೆ ಅಮ್ಮ, ಲೆಕ್ಕದಲ್ಲಿ ಒಂದು ದಿನವೂ ತಪ್ಪಿಲ್ಲ! ಮಾತ್ರೆ ಹಾಳೆಗೆ ಒಂದು ರಟ್ಟಿನ ಕವರು ಹಾಕಿ ಕೊಡ್ತಾರಲ್ಲ, ಮಾತ್ರೆ ಒತ್ತಿ ತೆಗೆದರೆ ಹಿಂದೆ ಒಂದು ನಂಬರು ಕಾಣುತ್ತೆ, ಅದಕ್ಕೆ ಮಿಸ್ಡ್ ಕಾಲ್ ಕೊಡಬೇಕು. ದಿನವೂ ಕೊಟ್ಟಿದ್ದೀವಿ. ನನ್ನ ಮಗನಿಗೆ ಅದೊಂದು ಆಟ. ಬೆಳಗ್ಗೆ ತಾತನ ಪಕ್ಕ ಕೂತು ನಂಬರು ಓದಿ ಅವನೇ ಒತ್ತೋನು. ಕಾಲ್ ಹೋಯ್ತು ತಾತ ಅಂತ ಕೂಗೋನು.

— 99ಡಾಟ್ಸ್. ಬೆಂಗಳೂರಿನಲ್ಲೇ ಹುಟ್ಟಿದ ಉಪಾಯ ಅದು. ಕೆಟ್ಟದ್ದೇನಲ್ಲ. ಮೊದಲು ವಾರಕ್ಕೆ ಮೂರು ದಿನ ರೋಗಿ ಕೇಂದ್ರಕ್ಕೆ ಬಂದು ಯಾರದೋ ಕಣ್ಣೆದುರಿಗೆ ನುಂಗಬೇಕಿತ್ತು. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು. ಅದು ತಪ್ಪಿತಲ್ಲ, ಅಷ್ಟು ಒಳ್ಳೇದೇ ಆಯ್ತು. ಆದ್ರೆ ಮಾತ್ರೆ ಹಾಳೆಯಿಂದ ಆಚೆ ಬಂತು ಅನ್ನೋದು ಮಾತ್ರ ಆ ನಂಬರಿಗೆ ಗೊತ್ತಾಗುತ್ತೆ. ಆಚೆ ಬಂದದ್ದು ಎಲ್ಲಿಗೆ ಹೋಯ್ತು, ಹೊಟ್ಟೆಗೆ ಹೋಗಿ ಏನು ಮಾಡ್ತು, ಅದು ಗೊತ್ತಾಗಲ್ಲ. ಅದನ್ನ ಯಾರಾದರೂ ಕೇಳಬೇಕು. ಯಾಕೆ ನುಂಗಲಿಲ್ಲ ಅಂತ ನೀನು ಕೇಳಿದ್ಯಾ?

— ಕೇಳಿದೆ. ಸೂಡು ಅಂದ್ರು.

— ಅಷ್ಟೇನಾ?

— ಅಷ್ಟೇ. ಮೊದಲಿಂದಲೂ ಅದೇ ಮಾತು. ಮಾತ್ರೆ ಕೊಡೋ ಕಡೆನೂ ಅದನ್ನೇ ಹೇಳಿದ್ದಾರೆ. ಅಲ್ಲಿದ್ದವರು, ತಾತಾ ಮಾತ್ರೆ ಅಂದಮೇಲೆ ಉಷ್ಣ ಇದ್ದೇ ಇರುತ್ತೆ, ಮಜ್ಜಿಗೆ ಕುಡೀರಿ ಅಂತ ಕಳಿಸಿದ್ರು. ನಾನೂ ಎಳನೀರು ತಂದುಕೊಟ್ಟೆ.

— ನೋಡಪ್ಪ, ನಾನು ವಾರ್ಡಿನಲ್ಲಿ ಕಲಿತ ಪಾಠದಲ್ಲಿ ಇದೊಂದು. ಉಷ್ಣ, ಹೀಟು, ಸೂಡು, ವೇಡಿ. ನಮ್ಮ ಕಡೆ ಮೂರು ಭಾಷೆಯ ಜನ ಇದ್ದಾರೆ, ಮೂವರೂ ಮಾತ್ರೆ ಒಗ್ಗದೇ ಇದ್ದರೆ ಈ ಒಂದೇ ಮಾತು ಹೇಳ್ತಾರೆ. ನಾವು ಅದನ್ನ ಕೇಳಿ, ಓದದ ಜನ ಅಂತ ಅಲ್ಲಿಗೇ ಬಿಟ್ಟುಬಿಡ್ತೀವಿ. ಆ ಒಂದು ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ತೊಂದರೆ ಕೂತಿರುತ್ತೆ. ಬಿಡಿಸಿ ಕೇಳಬೇಕು. ಎಲ್ಲಿ ಸೂಡು? ಹೊಟ್ಟೆಯಲ್ಲಾ, ಕಾಲಲ್ಲಾ, ಮೂತ್ರದಲ್ಲಾ, ಕಣ್ಣಲ್ಲಾ? ಬೆಳಗ್ಗೆಯಾ, ರಾತ್ರಿಯಾ? ಊಟಕ್ಕೆ ಮುಂಚೆಯಾ, ಆಮೇಲೆಯಾ? ನಿನ್ನ ಕಣ್ಣಿಗೆ ಏನೇನು ಕಂಡಿದೆ, ಅದನ್ನಾದರೂ ಹೇಳು.

— ಮೂತ್ರ ಕೆಂಪಗೆ ಹೋಗುತ್ತೆ. ಮೊದಲನೇ ವಾರದಲ್ಲೇ ಹೆದರಿಬಿಟ್ಟರು. ಬಚ್ಚಲಿನಿಂದ ಬಂದು ನನ್ನ ಹತ್ತಿರ ಹೇಳಲಿಲ್ಲ, ಅಮ್ಮನ ಹತ್ತಿರ ರಕ್ತ ಹೋಗ್ತಾ ಇದೆ ಅಂದ್ರಂತೆ. ಬನಿಯನ್ನಿನ ಕಂಕುಳ ಹತ್ತಿರವೂ ಕಿತ್ತಳೆ ಕಲೆ.

— ಅದು ರಿಫಾಂಪಿಸಿನ್. ಔಷಧದ ಬಣ್ಣವೇ ಹಾಗೆ. ಮೂತ್ರ, ಬೆವರು, ಕಣ್ಣೀರು ಎಲ್ಲಾ ಕಿತ್ತಳೆಗೆ ತಿರುಗುತ್ತೆ. ಏನೂ ಅಪಾಯವಿಲ್ಲ. ಮೊದಲ ಮಾತ್ರೆ ಕೈಗೆ ಕೊಡೋ ಮುಂಚೆ ಇದೊಂದು ಮಾತು ಹೇಳಬೇಕು, ಅದಕ್ಕೆ ಅರ್ಧ ನಿಮಿಷವೂ ಬೇಡ. ಹೇಳಿದ್ದರೆ ಅವರು ಬಣ್ಣ ನೋಡಿ, ಓ ಔಷಧ ಕೆಲಸ ಮಾಡ್ತಿದೆ ಅಂದುಕೊಳ್ಳೋರು. ಹೇಳದೇ ಇದ್ದದ್ದಕ್ಕೆ, ಒಳಗೆ ಏನೋ ಒಡೀತು ಅಂದುಕೊಂಡರು. ಕೆಮ್ಮಿದಾಗ ರಕ್ತ ನೋಡಿರೋ ಮನುಷ್ಯ ಅಲ್ವಾ ಅವರು?

— ಜನವರಿಯಲ್ಲಿ ಎರಡು ಸಲ ಕಫದಲ್ಲಿ ಬಂದಿತ್ತು. ಅದಕ್ಕೇ ಪರೀಕ್ಷೆಗೆ ಕರ್ಕೊಂಡು ಹೋಗಿದ್ದು.

— ಮತ್ತೆ ಹೆದರದೆ ಇರ್ತಾರಾ? ಆಮೇಲೆ?

— ಬೆಳಗ್ಗೆ ಎದ್ದ ಕೂಡಲೇ ನುಂಗಬೇಕು ಅಂತ ಬರೀ ಹೊಟ್ಟೆಯಲ್ಲಿ ತಗೊಂಡು ಒಂಬತ್ತು ಗಂಟೆ ತನಕ ವಾಕರಿಕೆ. ಕಾಫಿ ವಾಸನೆ ಬಂದರೂ ಆಗಲ್ಲ. ಮಧ್ಯಾಹ್ನ ಎರಡು ತುತ್ತು ಕಳಿ ತಿಂತಾರೆ. ಮಂಡಿ ನೋವು. ರಾತ್ರಿ ಕಾಲು ತಣ್ಣೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂರ್ತಾರೆ. ಒಂದು ರಾತ್ರಿ ಒಂದೂವರೆಗೆ ನಾನು ಎದ್ದಾಗ ಕತ್ತಲಲ್ಲಿ ಹಾಗೇ ಕೂತಿದ್ರು. ಪಂಚೆ ಮಂಡಿ ಮೇಲೆ ಎತ್ತಿಕೊಂಡು.

— ಬಕೆಟ್ಟಿನಲ್ಲಿ ಕಾಲು. ನೀನು ಇದನ್ನ ಮೊದಲು ಹೇಳಬೇಕಿತ್ತು ಮಗಾ. ಕಾಲು ಉರಿಯುತ್ತೆ, ಜೋಮು ಹಿಡಿಯುತ್ತೆ, ನೆಲದ ಮೇಲೆ ಹತ್ತಿ ಹಾಸಿದ ಹಾಗಿರುತ್ತೆ, ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲ, ಹೀಗೇನಾದರೂ ಹೇಳಿದ್ರಾ?

— ಚಪ್ಪಲಿ! ಹೋದ ವಾರ ಒಂದೇ ಚಪ್ಪಲಿಯಲ್ಲಿ ಅಂಗಡಿಯಿಂದ ಬಂದಿದ್ರು. ಮಕ್ಕಳು ನಕ್ಕರು. ನಾನೂ ನಕ್ಕೆ.

— ಐಸೋನಿಯಾಜಿಡ್ ಅಂತ ಒಂದು ಔಷಧ ಇದೆ ಆ ಮಾತ್ರೆಯಲ್ಲಿ. ಒಂದು ಮಾತ್ರೆ ಅಂತೀವಿ, ಅದರೊಳಗೆ ನಾಲ್ಕು ಔಷಧ. ಈ ಐಸೋನಿಯಾಜಿಡ್ ಮೈಯಲ್ಲಿರೋ ಬಿ6 ವಿಟಮಿನ್ನನ್ನ ಕಡಿಮೆ ಮಾಡುತ್ತೆ. ನರಕ್ಕೆ ಅದು ಬೇಕು. ಸರಿಯಾಗಿ ಉಣ್ಣದವರು, ಕುಡಿಯೋರು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಇವರಿಗೆ ಬೇಗ ಬರುತ್ತೆ. ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಅಂತ ಒಂದು ಸಣ್ಣ ಮಾತ್ರೆ ಕೊಡ್ತಾರೆ. ಕೊಟ್ಟಿದ್ರಾ?

— ಮೊದಲ ಸಲ ಕೊಟ್ಟರು. ಆಮೇಲೆ ಸ್ಟಾಕಿಲ್ಲ, ಅದು ಬರೀ ವಿಟಮಿನ್ನು ಅಂದ್ರು. ವಿಟಮಿನ್ ತಾನೇ ಅಂತ ನಾನೂ ಬಿಟ್ಟೆ.

— ಅದು ಕೆಲವೇ ರೂಪಾಯಿಯ ಮಾತ್ರೆ. ಅದಿಲ್ಲದ್ದಕ್ಕೆ ಒಬ್ಬ ಮನುಷ್ಯ ರಾತ್ರಿಯೆಲ್ಲಾ ಬಕೆಟ್ಟಿನಲ್ಲಿ ಕಾಲಿಟ್ಟು ಕೂತ. ಕೂತು, ಯೋಚನೆ ಮಾಡಿ, ಈ ಮಾತ್ರೆ ಬೇಡ ಅಂತ ತೀರ್ಮಾನ ಮಾಡಿದ. ಅವರದ್ದು ಹಟ ಅಲ್ಲಪ್ಪ. ಮಾತ್ರೆ ಬಿಟ್ಟ ದಿನ ಉರಿ ಕಮ್ಮಿಯಾಗುತ್ತಾ ಅಂತ ನೋಡಿದ್ದಾರೆ. ಒಂದು ದಿನ ನುಂಗಿ, ಎರಡು ದಿನ ಬಿಟ್ಟು. ಹದಿನೇಳು ದಿನ ಒಟ್ಟಿಗೆ ಬಿಟ್ಟಿರಲ್ಲ, ಬಿಡಿಬಿಡಿಯಾಗಿ ಬಿಟ್ಟಿರ್ತಾರೆ, ಕೇಳಿ ನೋಡು. ಡ್ರಿಲ್ಲು ಹಿಡಿದಿದ್ದ ಕೈ, ಬಂಡೆ ಎಲ್ಲಿ ಟೊಳ್ಳು ಅಂತ ತಟ್ಟಿ ನೋಡಿ ಕೆಲಸ ಮಾಡಿದ ಮನುಷ್ಯ. ತನ್ನ ಮೈಯನ್ನೂ ತಟ್ಟಿ ನೋಡಿದ್ದಾರೆ.

— ನೀವು ಹೇಳೋದು ಕೇಳಿದರೆ ತಪ್ಪೆಲ್ಲಾ ನಂದೇ ಅನ್ನಿಸುತ್ತೆ.

— ನಿಂದು ಅಂತ ನಾನು ಹೇಳಲಿಲ್ಲ. ನಾನೇ ಮಾಡಿದ ತಪ್ಪು ಒಂದಿದೆ, ಹೇಳ್ತೀನಿ ಕೇಳು. ಯಾವ ಊರು, ಯಾವ ಆಸ್ಪತ್ರೆ ಅಂತ ಬೇಡ. ನಾನು ಕೆಲಸಕ್ಕೆ ಸೇರಿದ ಹೊಸದು, 1970ರ ದಶಕ. ಆಗ ಕ್ಷಯಕ್ಕೆ ಒಂದು ವರ್ಷ, ಒಂದೂವರೆ ವರ್ಷ ಚಿಕಿತ್ಸೆ. ಮೊದಲ ಕೆಲವು ತಿಂಗಳು ಸ್ಟ್ರೆಪ್ಟೊಮೈಸಿನ್ ಸೂಜಿ. ಜೊತೆಗೆ ಐಸೋನಿಯಾಜಿಡ್ಡು, ಥಯಾಸಿಟಜೋನು. ಕೆಲವರಿಗೆ ಥಯಾಸಿಟಜೋನಿಗೆ ಮೈಯೆಲ್ಲಾ ಚರ್ಮ ಸುಲಿದು ಬರೋದು. ಒಬ್ಬರು ಇದ್ರು, ಗಣಿಯವರೇ. ಹಗಲು ಚೆನ್ನಾಗಿ ನಡೆಯೋರು. ಸಂಜೆ ಆದರೆ ಗೋಡೆ ಹಿಡ್ಕೊಂಡು ತೂರಾಡೋರು. ಎರಡು ಸಲ ಬಚ್ಚಲ ಹತ್ತಿರ ಬಿದ್ದರು. ನಾನು ಹೋಗಿ ಬಾಯಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಆದರೂ, ಎಲ್ಲಿಂದಲೋ ತರಿಸ್ಕೊಂಡು ಕುಡೀತಾನೆ ಅಂತ ಡ್ಯೂಟಿ ಪುಸ್ತಕದಲ್ಲಿ ಬರೆದೆ. ನನ್ನ ಕೈಯಲ್ಲೇ ಬರೆದೆ. ಅವರ ಹೆಂಡತಿ ಎದುರಿಗೂ ಹೇಳಿದೆ.

— ಕುಡಿದಿರಲಿಲ್ವಾ?

— ಆ ಸೂಜಿ ಕಿವಿಯ ಒಳಗೆ ಸಮತೋಲ ಇಡೋ ಭಾಗವನ್ನ ಹಾಳು ಮಾಡುತ್ತೆ. ಹಗಲು ಕಣ್ಣು ಕಾಣುತ್ತಲ್ಲ, ಕಣ್ಣಿನ ಆಸರೆಯಲ್ಲಿ ಮನುಷ್ಯ ನೆಟ್ಟಗೆ ನಡೀತಾನೆ. ಕತ್ತಲಾದರೆ ಆಸರೆ ಹೋಯ್ತು, ಬೀಳ್ತಾನೆ. ಜೀವಮಾನವೆಲ್ಲಾ ಕತ್ತಲಲ್ಲಿ ಕೆಲಸ ಮಾಡಿದವರು ಅವರು. ಕತ್ತಲಲ್ಲಿ ನಡೆಯೋಕೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಿಂದ ನಾವು ಅದನ್ನ ಕಿತ್ತುಕೊಂಡು, ಮೇಲೆ ಕುಡುಕ ಅಂದೆವು. ಅವರು ಒಂದು ಸಲ ಹೇಳಿದ್ದರು, ಸಿಸ್ಟರ್ ರಾತ್ರಿ ನೆಲ ಓಡಾಡುತ್ತೆ ಅಂತ. ನೆಲ ಓಡಾಡುತ್ತೆ! ಅದಕ್ಕಿಂತ ಸರಿಯಾಗಿ ಯಾವ ಡಾಕ್ಟರು ಹೇಳ್ತಾರೆ? ಎರಡು ವರ್ಷ ಆದಮೇಲೆ ಒಂದು ತರಬೇತಿಯಲ್ಲಿ ಇದನ್ನ ಹೇಳಿಕೊಟ್ಟಾಗ ನನಗೆ ಅಲ್ಲೇ ಅಳು ಬಂತು. ಹುಡುಕಿಕೊಂಡು ಹೋದೆ. ಅವರು ತೀರಿಹೋಗಿದ್ದರು.

ಅವರು ಇದನ್ನು ಹೇಳಿ ಸ್ವಲ್ಪ ಹೊತ್ತು ಮೊರದ ಅಂಚು ಸವರುತ್ತಾ ಕೂತಿದ್ದರು. ನನಗೆ ಮಾತಾಡಬೇಕು ಅನ್ನಿಸಲಿಲ್ಲ. ಒಳಗಿನಿಂದ ಅವರ ಸೊಸೆ ಕಾಫಿ ತಂದುಕೊಟ್ಟರು.

— ಈಗಲೂ ಆ ಸೂಜಿ ಇದೆಯಾ ಅಮ್ಮ?

— ಮೊದಲ ಚಿಕಿತ್ಸೆಗೆ ಈಗ ಬೇಡ. ಔಷಧಕ್ಕೆ ಬಗ್ಗದ ಕ್ಷಯ ಅಂತ ಇದೆಯಲ್ಲ, ಅದಕ್ಕೆ ಕನಾಮೈಸಿನ್ ಅಂತ ಅದೇ ಜಾತಿಯ ಸೂಜಿ, ಆರು ತಿಂಗಳು. ಎಷ್ಟೋ ಜನರಿಗೆ ಕಿವಿಯೇ ಹೋಯ್ತು. ಕ್ಷಯ ವಾಸಿಯಾಯ್ತು, ಮಗು ಅಪ್ಪಾ ಅಂದದ್ದು ಕೇಳಿಸಲ್ಲ. ಈಗ ಅದನ್ನ ಕೈಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬಾಯಿಗೆ ತಗೊಳ್ಳೋ ಹೊಸ ಔಷಧ ಬಂದಿದೆ, ಬೆಡಾಕ್ವಿಲಿನ್ ಅಂತ. ಅದು ಬರೋದಕ್ಕೆ ಇಷ್ಟು ವರ್ಷ ಹಿಡೀತು. ನಾನು ಯಾಕೆ ಇದನ್ನ ಹೇಳಿದೆ ಅಂದ್ರೆ, ನಿಮ್ಮಪ್ಪ ಇವತ್ತು ಅರ್ಧಂಬರ್ಧ ನುಂಗಿದರೆ ಕ್ರಿಮಿ ಬಲಿತು ಆ ದಾರಿಗೇ ಹೋಗಬಹುದು. ಅಲ್ಲಿ ಮಾತ್ರೆ ಇನ್ನೂ ಹೆಚ್ಚು, ತೊಂದರೆಯೂ ಹೆಚ್ಚು. ಆದ್ದರಿಂದ ನುಂಗಲೇಬೇಕು. ಆದ್ರೆ, ಉರಿಯುತ್ತಿದ್ದರೂ ನುಂಗು ಅಂತ ನಾನು ಹೇಳಲ್ಲ. ಉರಿ ತೆಗೆದು ನುಂಗಿಸಬೇಕು.

— ಎಷ್ಟು ತಿಂಗಳು ಅಂತ ಅವರು ಕೇಳ್ತಾ ಇರ್ತಾರೆ. ಆರು ಅಂದಿದ್ದೆ. ಹೋದ ಸಲ ಡಾಕ್ಟರು, ಇವರಿಗೆ ಎಂಟು, ಒಂಬತ್ತು ಆಗಬಹುದು ಅಂದ್ರು. ಅದು ಕೇಳಿದ ಮೇಲೆ ಮುಖ ಇಳಿದುಹೋಯ್ತು. ಬೇರೆಯವರಿಗೆಲ್ಲಾ ಆರು, ನನಗೆ ಯಾಕೆ ಅಂತ.

— ಯಾಕೆ ಅಂತ ಅವರಿಗೆ ಹೇಳಿದ್ರಾ?

— ಇಲ್ಲ. ನನಗೂ ಗೊತ್ತಿಲ್ಲ.

— ಗಣಿ ಕೆಲಸ. ಬಂಡೆಯಲ್ಲಿ ಬೆಣಚುಕಲ್ಲು ಇರುತ್ತಲ್ಲ, ಅದನ್ನ ಕೊರೆದಾಗ ಏಳೋ ಸಣ್ಣ ದೂಳು ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಅಲ್ಲಿ ಕಸ ಗುಡಿಸೋ ಜೀವಕೋಶ ಇವೆ. ಅವು ಆ ದೂಳನ್ನ ನುಂಗಿದರೆ ತಾವೇ ಸಾಯ್ತವೆ. ಸತ್ತ ಕಡೆ ಗಾಯ, ಗಾಯ ಮಾಗಿ ಗಂಟು. ಅದೇ ಸಿಲಿಕೋಸಿಸ್. ಗುಡಿಸೋರೇ ಸತ್ತ ಮೇಲೆ ಕ್ಷಯದ ಕ್ರಿಮಿ ಆ ಗಂಟಿನ ಮರೆಯಲ್ಲಿ ಹಾಯಾಗಿ ಕೂರುತ್ತೆ, ಔಷಧ ಅಲ್ಲಿಗೆ ಸಲೀಸಾಗಿ ಹೋಗಲ್ಲ. ಹಾಂಗ್‌ಕಾಂಗಿನಲ್ಲಿ ಇಂಥವರ ಮೇಲೇ ಒಂದು ಪರೀಕ್ಷೆ ನಡೀತು, 1991ರಲ್ಲಿ ಅಚ್ಚಾಯ್ತು. ಆರು ತಿಂಗಳು ಔಷಧ ತಗೊಂಡವರಲ್ಲಿ ನೂರಕ್ಕೆ 22 ಮಂದಿಗೆ ಕ್ಷಯ ತಿರುಗಿ ಬಂತು. ಎಂಟು ತಿಂಗಳು ತಗೊಂಡವರಲ್ಲಿ 7 ಮಂದಿಗೆ. ಎರಡು ತಿಂಗಳ ಕಷ್ಟಕ್ಕೆ ಇಷ್ಟು ಬೆಲೆ ಇದೆ ಅಂತ ಅವರ ಮುಂದೆ ಇಡು. ಚಿನ್ನ ತೂಗೋ ಊರಿನವರು, ಈ ಲೆಕ್ಕ ಅವರಿಗೆ ಅರ್ಥ ಆಗುತ್ತೆ.

— ಸಿಲಿಕೋಸಿಸ್ ಇದೆ ಅಂತ ಗಣಿ ಇದ್ದಾಗಲೇ ಎಕ್ಸ್‌ರೇ ತೆಗೆದು ಹೇಳಿದ್ರು. ಅದಕ್ಕೆ ಶೇಕಡ ಇಷ್ಟು ಅಂತ ಒಂದು ಲೆಕ್ಕ. ಅಪ್ಪನ ಜೊತೆಯವರು ಸಿಕ್ಕಾಗ ಈಗಲೂ ಅದನ್ನೇ ಮಾತಾಡೋದು, ನಿನಗೆಷ್ಟು ಪರ್ಸೆಂಟು, ನನಗೆಷ್ಟು ಅಂತ.

— ಅದು ಇಲ್ಲಿ ಹಳೇ ಕಥೆ. 1940ರ ದಶಕದಲ್ಲಿ ಕೋಲಾರದ ಗಣಿಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನ ಪರೀಕ್ಷೆ ಮಾಡಿದಾಗ ನೂರಕ್ಕೆ 43 ಮಂದಿಯ ಎದೆಯಲ್ಲಿ ಈ ದೂಳು ಸಿಕ್ಕಿತ್ತು. ಕಂಪನಿಗೆ ಗೊತ್ತಿತ್ತು, ಸರ್ಕಾರಕ್ಕೆ ಗೊತ್ತಿತ್ತು. ಎದೆಯನ್ನ ಅಳೆದರು, ಶೇಕಡ ಹಾಕಿದರು, ಪರಿಹಾರ ಕೊಟ್ಟರು. ಮಲಗಿದರೆ ನಿದ್ದೆ ಬರುತ್ತಾ, ಮೆಟ್ಟಿಲು ಹತ್ತೋಕೆ ಆಗುತ್ತಾ, ಹೆಂಡತಿ ಜೊತೆ ಸಂತೆಗೆ ನಡೆದು ಹೋಗೋಕೆ ಆಗುತ್ತಾ, ಅದನ್ನ ಬರೆಯೋಕೆ ಆ ಫಾರಮಿನಲ್ಲಿ ಜಾಗ ಇರಲಿಲ್ಲ. ಈಗ ಮಿಸ್ಡ್ ಕಾಲಿನಲ್ಲೂ ಇಲ್ಲ. ನನಗೆ ಅದೇ ಸಂಕಟ. ಎಣಿಸೋದು ಬದಲಾಯ್ತು, ಕೇಳೋದು ಇನ್ನೂ ಶುರುವಾಗಿಲ್ಲ.

— ಯಾರೂ ಕೇಳೇ ಇಲ್ಲ ಅಂತೀರಾ?

— ಕೇಳಿದವರು ಇದ್ದಾರೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರೇ, 1960ರ ದಶಕದ ಮೊದಲಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರ ಹತ್ತಿರ ಹೋಗಿ ಕೂತು ಕೇಳಿದರು. ಬ್ಯಾನರ್ಜಿ ಅಂತ ಒಬ್ಬರು, ಆಂಡರ್ಸನ್ ಅಂತ ಒಬ್ಬರು. ಹಳ್ಳಿಯ ಜನಕ್ಕೆ ತಮ್ಮ ಕಾಯಿಲೆ ತಿಳಿಯಲ್ಲ, ಆಸ್ಪತ್ರೆಗೆ ಬರಲ್ಲ ಅಂತ ಎಲ್ಲರೂ ಅಂದುಕೊಂಡಿದ್ರು. ನೋಡಿದರೆ ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ರು. ಅಲ್ಲಿ ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ರು! ಜನ ಹೇಳಿದ್ದರು, ಕೇಳಿಸಿಕೊಳ್ಳೋರು ಇರಲಿಲ್ಲ. ಅವತ್ತು ಕೆಮ್ಮಿನ ಬಾಟಲಿ, ಇವತ್ತು ನಿಮ್ಮಪ್ಪನಿಗೆ ಮಜ್ಜಿಗೆ.

ಇಲ್ಲಿ ನನಗೆ ಒಂದು ವಿಷಯ ಹೇಳಬೇಕೋ ಬೇಡವೋ ಅನ್ನಿಸಿ ಸುಮ್ಮನಿದ್ದೆ. ಅವರು ನನ್ನ ಮುಖ ನೋಡಿ ಕಂಡುಹಿಡಿದರು.

— ಇನ್ನೂ ಏನೋ ಇದೆ. ಹೇಳು.

— ಇನ್ನೊಂದು ಮಾತ್ರೆ ತಗೋತಾರೆ ಅಮ್ಮ. ಬಿಳೀದು, ಸಣ್ಣದು. ಉಸಿರು ಕಟ್ಟಿದಾಗ ಅಂತ ಒಂದು ಅಂಗಡಿಯಲ್ಲಿ ಕೊಡ್ತಾರೆ. ಚೀಟಿ ಇಲ್ಲ. ಅದನ್ನ ತಗೊಂಡರೆ ಎರಡು ದಿನ ಲವಲವಿಕೆಯಿಂದ ಇರ್ತಾರೆ, ಹಸಿವೂ ಆಗುತ್ತೆ. ಅದು ಒಳ್ಳೇ ಮಾತ್ರೆ, ಸರ್ಕಾರದ್ದು ಕೆಟ್ಟ ಮಾತ್ರೆ ಅಂತಾರೆ.

— ಎಷ್ಟು ದಿನದಿಂದ?

— ಒಂದು ವರ್ಷ ಆಗಿರಬೇಕು. ದಿನಾ ಅಲ್ಲ. ಮುಖ ದುಂಡಗೆ ಆಗಿದೆ. ನೋಡಿದವರು ಮೈ ಕೈ ತುಂಬಿಕೊಂಡಿದೆ ಅಂತಾರೆ.

— ಸ್ಟೀರಾಯ್ಡು ಇರಬೇಕು. ಹಾಳೆ ತಂದು ತೋರಿಸು. ಉಬ್ಬಸಕ್ಕೆ ಅದು ಬೇಕಾದ ಹೊತ್ತಿನಲ್ಲಿ ಜೀವ ಉಳಿಸುತ್ತೆ, ಅದಕ್ಕೆ ನಾನು ಕೆಟ್ಟದ್ದು ಅನ್ನಲ್ಲ. ಆದ್ರೆ ಡಾಕ್ಟರಿಲ್ಲದೆ ವರ್ಷಗಟ್ಟಲೆ ತಗೊಂಡರೆ ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ, ಕ್ಷಯದ ಕ್ರಿಮಿಗೆ ಬಾಗಿಲು ತೆಗೆದ ಹಾಗೆ. ಸಕ್ಕರೆ ಏರಿದರೆ ಕಾಲುರಿ ಅದರಿಂದಲೂ ಬರಬಹುದು. ನೋಡು, ಒಂದೇ ಕಾಲುರಿ, ಎರಡು ಕಡೆಯಿಂದ ಬಂದಿರಬಹುದು. ನಾಳೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆಯನ್ನೂ ನೋಡಿ ಅಂತ ಹೇಳಲೇಬೇಕು. ಆಮೇಲೆ, ಇವತ್ತು ಹೋಗಿ ಆ ಮಾತ್ರೆಯನ್ನ ಕಿತ್ತು ಬಿಸಾಕಬೇಡ. ತುಂಬ ದಿನ ತಗೊಂಡದ್ದನ್ನ ಥಟ್ಟನೆ ನಿಲ್ಲಿಸಿದರೆ ಅದೇ ಅಪಾಯ. ರಿಫಾಂಪಿಸಿನ್ ಜೊತೆ ಅದಕ್ಕೆ ಇನ್ನೊಂದು ತಕರಾರು ಇದೆ. ರಿಫಾಂಪಿಸಿನ್ನು ಪಿತ್ತಜನಕಾಂಗವನ್ನ ಜೋರಾಗಿ ಕೆಲಸ ಮಾಡಿಸುತ್ತೆ. ಬೇರೆ ಔಷಧಗಳು ಬೇಗ ಕರಗಿ ಆಚೆ ಹೋಗ್ತವೆ. ಸ್ಟೀರಾಯ್ಡು, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ, ಹೆಂಗಸರು ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ, ಯಾವುದೂ ಮೊದಲಿನಷ್ಟು ಹಿಡಿಯಲ್ಲ. ಸರ್ಕಾರದ ಮಾತ್ರೆ ಶುರುವಾದ ಮೇಲೆ ಬಿಳಿ ಮಾತ್ರೆ ಮೊದಲಿನ ಹಾಗೆ ಕೇಳ್ತಾ ಇಲ್ಲ ಅಂದಿರಬೇಕಲ್ಲ ನಿಮ್ಮಪ್ಪ?

— ಅಂದ್ರು! ಎರಡು ತಗೊಂಡರೂ ಆಗ್ತಿಲ್ಲ ಅಂದ್ರು. ನಾನು ಸುಮ್ಮನೆ ಹೇಳ್ತಾರೆ ಅಂದುಕೊಂಡೆ.

— ಸುಮ್ಮನೆ ಹೇಳಲ್ಲಪ್ಪ. ಮೈ ಅವರದ್ದು. ಅವರಿಗೆ ಗೊತ್ತಾದಷ್ಟು ನಮಗೆ ಗೊತ್ತಾಗಲ್ಲ. ನಮಗೆ ಹೆಸರು ಗೊತ್ತು, ಅಷ್ಟೇ.

— ನಾಳೆ ರಜೆ ಹಾಕಿ ಕರ್ಕೊಂಡು ಹೋಗ್ತೀನಿ. ಏನೇನು ಹೇಳಲಿ?

— ಡಬ್ಬಿ ತಗೊಂಡು ಹೋಗು. ಮುಚ್ಚಿಡಬೇಡ. ಹದಿನೇಳು ದಿನ ತಪ್ಪಿದೆ ಅಂತ ಮೊದಲೇ ಹೇಳು. ಬೈತಾರೆ, ಬೈಸಿಕೋ. ಈ ಡಬ್ಬಿಯ ಮಾತ್ರೆ ಮತ್ತೆ ನುಂಗಿಸಬೇಡ, ಹೊಸದು ಕೊಡ್ತಾರೆ. ಎರಡು ತಿಂಗಳ ಕಫ ಪರೀಕ್ಷೆ ಹೇಗೂ ಇದೆ, ಔಷಧಕ್ಕೆ ಕ್ರಿಮಿ ಬಗ್ಗುತ್ತಾ ಅಂತ ಸಿಬಿನಾಟ್ ಯಂತ್ರದಲ್ಲೂ ನೋಡಿ ಅಂತ ಕೇಳು. ಪಿತ್ತಜನಕಾಂಗದ ರಕ್ತ ಪರೀಕ್ಷೆ. ಬಿ6. ವಾಕರಿಕೆಗೆ, ಸ್ವಲ್ಪ ತಿಂದು ತಗೊಳ್ಳಬಹುದಾ, ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನೇ ಕೇಳು. ಮಂಡಿ ನೋವು ಪಿರಜಿನಮೈಡಿನದ್ದಿರಬಹುದು, ಎರಡು ತಿಂಗಳಾದ ಮೇಲೆ ಸಾಮಾನ್ಯವಾಗಿ ಅದನ್ನ ನಿಲ್ಲಿಸ್ತಾರೆ, ಇನ್ನು ಸ್ವಲ್ಪ ದಿನ ಅಂತ ಅಪ್ಪನಿಗೆ ಧೈರ್ಯ ಹೇಳು. ಇಥಾಂಬುಟಾಲ್ ಮುಂದುವರಿಯುತ್ತೆ, ಅದು ಕಣ್ಣಿನ ಮೇಲೆ ಹೋಗಬಹುದು. ಕೆಂಪು ಹಸಿರು ಗುರುತು ತಪ್ಪುತ್ತಾ ಅಂತ ಮನೆಯಲ್ಲೇ ನೋಡ್ತಾ ಇರಿ. ರೈಲ್ವೆ ಸಿಗ್ನಲ್ಲು ತೋರಿಸಿ ಕೇಳು, ಸಾಕು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದೇ ಹೋದರೆ, ಮೈಯೆಲ್ಲಾ ದದ್ದು ಎದ್ದರೆ, ಕಣ್ಣು ಮಬ್ಬಾದರೆ, ಆವತ್ತು ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ. ಮಾರನೇ ದಿನ ನೋಡೋಣ ಅನ್ನಬೇಡ.

— ಅವರು ಮತ್ತೆ ಮಜ್ಜಿಗೆ ಅಂದ್ರೆ?

— ನಗಬೇಡ, ಜಗಳವೂ ಆಡಬೇಡ. ಬರೆದುಕೊಳ್ಳಿ ಅನ್ನು. ಔಷಧದಿಂದ ಆದ ತೊಂದರೆಯನ್ನ ಬರೆದು ಕಳಿಸೋಕೆ ದೇಶದಲ್ಲಿ ಒಂದು ವ್ಯವಸ್ಥೆ ಇದೆ, 2010ರಿಂದ. ಗಾಜಿಯಾಬಾದಿನ ಔಷಧ ಸಂಹಿತೆ ಆಯೋಗದವರು ನೋಡಿಕೊಳ್ತಾರೆ. ಡಾಕ್ಟರೇ ಬರೀಬೇಕು ಅಂತಿಲ್ಲ, ರೋಗಿ ಬರೀಬಹುದು, ಮಗ ಬರೀಬಹುದು. ಕನ್ನಡದಲ್ಲೂ ಫಾರಂ ಇದೆ. 1800 180 3024 ಅಂತ ದುಡ್ಡಿಲ್ಲದ ನಂಬರೂ ಇದೆ. ಬರೆದ ತಕ್ಷಣ ನಿಮ್ಮಪ್ಪನ ಕಾಲುರಿ ಹೋಗಲ್ಲ, ಅದನ್ನೂ ಹೇಳ್ತೀನಿ. ಆದ್ರೆ ಯಾರೂ ಬರೆಯದೇ ಇದ್ದರೆ ಮುಂದಿನವರಿಗೂ ಮಜ್ಜಿಗೆಯೇ.

— ಚೀಟಿ ಇಂಗ್ಲಿಷಿನಲ್ಲಿ, ಹೇಳೋದು ಕನ್ನಡದಲ್ಲಿ, ಅಪ್ಪನಿಗೆ ಮೈ ನೋವು ಬರೋದು ತಮಿಳಿನಲ್ಲಿ. ಕನ್ನಡ ಚೆನ್ನಾಗಿ ಬರುತ್ತೆ ಅವರಿಗೆ, ಸಂತೆ, ಆಫೀಸು, ಜಗಳ ಎಲ್ಲಾ ಕನ್ನಡದಲ್ಲೇ. ಆದರೆ ಡಾಕ್ಟರ ಎದುರು ಕೂತರೆ ಮಾತು ಸಿಗಲ್ಲ. ಸೂಡು ಅಂದು ಸುಮ್ಮನಾಗ್ತಾರೆ.

— ಅದಕ್ಕೇ ನೀನು ಹೋಗಬೇಕು. ಅವರ ಪರವಾಗಿ ಮಾತಾಡೋಕೆ ಅಲ್ಲ, ಅವರು ಹೇಳಿದ್ದನ್ನ ದಾಟಿಸೋಕೆ. ಇವತ್ತು ರಾತ್ರಿ ಅವರ ಕಾಲ ಹತ್ತಿರ ಕೂತು ತಮಿಳಿನಲ್ಲೇ ಕೇಳು. ಎಲ್ಲಿ, ಯಾವಾಗ, ಹೇಗೆ ಅಂತ. ಅವರ ಮಾತಿನಲ್ಲೇ ಬರ್ಕೋ. ಇನ್ನೊಂದು ಕೇಳ್ತೀನಿ. ಕಾಯಿಲೆ ವಾಸಿಯಾದರೆ ನಿಮ್ಮಪ್ಪ ಏನು ಮಾಡಬೇಕು ಅಂತಿದ್ದಾರೆ?

— ಏನು ಮಾಡ್ತಾರೆ ಅಮ್ಮ, ಈ ವಯಸ್ಸಿನಲ್ಲಿ.

— ಹಾಗಲ್ಲ. ಕ್ಷಯ ಹೋಗುತ್ತೆ, ಎದೆಯ ದೂಳು ಹೋಗಲ್ಲ. ಅದಕ್ಕೆ ಔಷಧವೇ ಇಲ್ಲ. ಉಳಿದಿರೋ ಉಸಿರಿನಲ್ಲಿ ಅವರಿಗೆ ಯಾವುದು ಬೇಕು? ಒಂದೇ ಒಂದು. ಅದು ಗೊತ್ತಿದ್ದರೆ ಡಾಕ್ಟರ ಹತ್ತಿರವೂ ಅದನ್ನೇ ಕೇಳಬಹುದು. ಇದು ಮಾಡೋ ಹಾಗಾಗಬೇಕು, ಅದಕ್ಕೆ ಯಾವ ಮಾತ್ರೆ ಬೇಕು, ಯಾವುದು ಬೇಡ ಅಂತ. ಮೊದಲು ಏನು ಮಾಡ್ತಿದ್ದರು, ಈಗ ಬಿಟ್ಟಿದ್ದಾರೆ?

ನನಗೆ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ವಾರದಲ್ಲಿ ಆರು ದಿನ ಕಣ್ಣೆದುರಿಗೆ ಇದ್ದದ್ದು ಇಲ್ಲದೆ ಹೋದದ್ದನ್ನು ನಾನು ಗಮನಿಸಿಯೇ ಇರಲಿಲ್ಲ.

— ಸ್ಟೇಷನ್ನಿಗೆ ಬರ್ತಿದ್ರು ಅಮ್ಮ. ರಾತ್ರಿ ನನ್ನ ರೈಲು ಬರೋ ಹೊತ್ತಿಗೆ. ಮಾರಿಕುಪ್ಪಂ ಕೊನೇ ಸ್ಟೇಷನ್ನು, ಅಲ್ಲಿಂದ ಮುಂದಕ್ಕೆ ಹಳಿ ಇಲ್ಲ. ನಮ್ಮ ಲೈನು ಮನೆಗಳ ಕಡೆ ದಾರಿಯಲ್ಲಿ ದೀಪ ಕಮ್ಮಿ, ಗಣಿಯ ಸೈನೈಡ್ ದಿಬ್ಬದ ದೂಳು ಬೇರೆ. ಟಾರ್ಚು ಹಿಡ್ಕೊಂಡು ಕಲ್ಲುಬೆಂಚಿನ ಮೇಲೆ ಕೂತಿರೋರು. ನಾನು ಬರಬೇಡ ಅಂತಿದ್ದೆ. ಮೂರು ಕಡೆ ನಿಂತು ನಿಂತು ಉಸಿರು ತಗೊಂಡು ಬರೋರು, ಆದರೂ ಬರೋರು. ಇಬ್ಬರೂ ಮಾತಾಡದೆ ವಾಪಸ್ ಹೋಗ್ತಿದ್ವಿ. ಕಾಲುರಿ ಶುರುವಾದ ಮೇಲೆ ಬಂದಿಲ್ಲ.

— ಅದನ್ನ ಬರ್ಕೋ. ಎಲ್ಲಕ್ಕಿಂತ ಮೇಲೆ ಬರ್ಕೋ.

ನನ್ನ ಹತ್ತಿರ ಕಾಗದ ಇರಲಿಲ್ಲ. ಚೀಲದಲ್ಲಿದ್ದ ಮಾತ್ರೆಯ ಖಾಲಿ ಕವರಿನ ಹಿಂದೆ ಅವರೇ ಪೆನ್ಸಿಲಿನಲ್ಲಿ ಬರೆದರು: ರಾತ್ರಿ ಸ್ಟೇಷನ್ನಿಗೆ ನಡೆದು ಹೋಗಬೇಕು. ಅದರ ಕೆಳಗೆ ಕಾಲುರಿ, ವಾಕರಿಕೆ, ಮಂಡಿ, ಬಿಳಿ ಮಾತ್ರೆ, ಸಕ್ಕರೆ, 17 ದಿನ. ಮಾತ್ರೆಗಳನ್ನು ಮತ್ತೆ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು. ಹನ್ನೊಂದರ ಬಿಸಿಲು ಜಗಲಿಗೆ ಬಂದಿತ್ತು. ನಾನು ಎದ್ದೆ.

— ಅಮ್ಮ, ನಾಳೆ ಬೆಳಗ್ಗೆ ಮಿಸ್ಡ್ ಕಾಲ್ ಏನು ಮಾಡಲಿ? ಮಗು ಕಾಯ್ತಾ ಇರುತ್ತೆ.

— ನುಂಗಿದ ದಿನ ಮಗು ಕೊಡಲಿ. ನುಂಗದ ದಿನ ಯಾರೂ ಕೊಡಬೇಡಿ. ಎರಡು ದಿನ ಕಾಲ್ ಬರದೇ ಇದ್ದರೆ ಅಲ್ಲಿಂದ ಯಾರಾದರೂ ಫೋನ್ ಮಾಡಿ ಯಾಕೆ ಅಂತ ಕೇಳಬೇಕು. ಆಗ ಫೋನು ನೀನು ತಗೋಬೇಡ, ಅಪ್ಪನ ಕೈಗೆ ಕೊಡು.